ಮುಚ್ಚಿಟ್ಟ ರಾತ್ರಿ ಪಾಳಿ

ಇಂಡಿ
೧೧ ನವೆಂಬರ್ ೨೦೨೪

ಪ್ರೀತಿಯ ಮಗಳು ದಾನೇಶ್ವರಿಗೆ,

ಹೇಗಿದ್ದೀ ತಾಯಿ? ಆ ಐರ್ಲೆಂಡಿನ ಚಳಿಗೆ ಹತ್ತಿದ ಕೆಮ್ಮು ಇಳಿಯಿತೇ? "ಫೈನ್ ಅಪ್ಪಾ" ಅನ್ನುತ್ತೀ, ನಾನು ನಂಬುವುದಿಲ್ಲ. ನನ್ನ ಮೊಣಕಾಲು ನೋವು ಆ್ಯಸ್ ಯೂಜುವಲ್. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಎದುರು ಮನೆಯ ವೀಸಾ ಏಜೆಂಟ್ ಬಾಬುಲಾಲನ ಕಿವಿ ಬಹಳ ಉದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಕೆಲಸದ ವರ್ಕ್ ಪರ್ಮಿಟ್ ತಿರಸ್ಕರಿಸಿದರು, ನೀನು ಸಿಂದಗಿಯ ದವಾಖಾನೆಯಲ್ಲಿ ದುಡಿದೇ ಇಲ್ಲವೆಂದು ಅಲ್ಲಿಯವರೇ ಹೇಳಿದರಂತೆ ಎಂದು ನೀನು ಅತ್ತಾಗ, ಐ ಸಸ್ಪೆಕ್ಟೆಡ್ ಎವ್ರಿಬಡಿ. ಮೊದಲು ಬಾಬುಲಾಲನನ್ನು. "ಅಪೀಲು ಗಿಪೀಲು ಬಿಡ್ರಿ ಸರ, ಹುಡುಗಿನ್ನ ವಾಪಸ್ ಕರಸ್ರಿ, ಹೊಸಾ ಫೈಲ್ ಹಾಕೂಣು" ಎಂದು ಅವನಿಗೇಕೆ ಅಷ್ಟು ಅವಸರ? ಆಮೇಲೆ ಆ ದವಾಖಾನೆಯ ಡಾಕ್ಟರನ್ನು. ನೀನು ಕೆಲಸ ಬಿಟ್ಟ ದಿನ ಅವರು ಮುಖ ಗಂಟು ಹಾಕಿಕೊಂಡಿದ್ದು ನಾನು ಮರೆತಿಲ್ಲ. ನಿನ್ನ ಅವ್ವ ಇದ್ದಿದ್ದರೆ "ಎಲ್ಲಾರ ಮ್ಯಾಲೂ ಸಂಶೆ ಮಾಡ್ತಿ, ಕನ್ನಡಿ ಯಾಕ ಬಿಟ್ಟಿ?" ಎನ್ನುತ್ತಿದ್ದಳು.

ನಿನ್ನೆ ಸಿಂದಗಿ ಬಸ್ಸು ಹತ್ತಿದೆ. ತಮಗೆ ಯಾವ ಫೋನೂ ಬಂದಿಲ್ಲವೆಂದರು ಡಾಕ್ಟರು. ಬದಿಗೆ ನಿಂತಿದ್ದ ಕಂಪೌಂಡರ್ ಶಂಕ್ರೆಪ್ಪ ಆಗ ನೆಲ ನೋಡಿದ. ಹಿಡಿದು ಕೂಡಿಸಿದೆ. ಬೆಂಗಳೂರು ಕನ್ನಡದ ಹೆಣ್ಣುಮಗಳೊಬ್ಬಳು ಫೋನು ಮಾಡಿ, ದಾನೇಶ್ವರಿ ಅಲ್ಲಿದ್ದಳೇ, ರಾತ್ರಿ ಪಾಳಿ ಮಾಡುತ್ತಿದ್ದಳೇ, ನಡತೆ ಹೇಗೆ ಎಂದೆಲ್ಲ ಕೇಳಿದಳಂತೆ. "ನಡತಿ ಕೇಳಿದ್ರಂದ್ರ ವರನ ಕಡಿಯವರ ಅಲ್ಲೇನ್ರಿ ಕಾಕಾ? ನೈಟ್ ಡ್ಯೂಟಿ ಅಂದ್ರ ಸಂಬಂಧ ಮುರೀತೈತಿ. ಅದಕ್ಕ ಆಕಿ ಇಲ್ಲಿ ದುಡದ ಇಲ್ಲ, ಮನಿ ಬಿಟ್ಟು ಹೊರಗ ಬಂದಾಕಿ ಅಲ್ಲ ಅಂದೆ" ಎಂದ. ಅದು ಪರ್ಮಿಟ್‌ನವರ ವಿಚಾರಣೆ ಎಂದು ಅವನಿಗೆ ಹೊಳೆದೇ ಇಲ್ಲವಂತೆ. ನಮ್ಮ ಕಡೆ ಹುಡುಗಿಯ ವಿಚಾರಣೆ ಎಂದರೆ ಮದುವೆಯದೊಂದೇ, ನಿಜ. ಆದರೂ ನಾನು ಪೂರಾ ನಂಬಲಿಲ್ಲ. ಅವನಿಗೆ ಮದುವೆಯಾಗದ ತಮ್ಮನೊಬ್ಬ ಇದ್ದಾನೆ, ನೀನು ಊರಿಗೆ ವಾಪಸ್ ಬರಲಿ ಎಂದೇ ಹೀಗೆ ಮಾಡಿರಬಹುದು.

ನೀನು ಅಲ್ಲಿ ದುಡಿದದ್ದು ನಿಜವೆಂದು ಡಾಕ್ಟರು ಅಲ್ಲೇ ಪತ್ರ ಬರೆದು ಸೀಲು ಒತ್ತಿದರು. ಬೆಳಕಿಗೆ ಹಿಡಿದು ನೋಡಿದೆ, ಜೆನ್ಯುಯಿನ್. ಈ ಕಾಗದದ ಫೋಟೋ, ಅದರ ಫೋಟೋ ಎರಡನ್ನೂ ವಾಟ್ಸಾಪಿನಲ್ಲಿ ಕಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕೋಣೆಯ ಗೆಳತಿ ನಾಜಿಮಾಳಿಗೂ ನನ್ನ ಆಶೀರ್ವಾದ ಹೇಳು.

ಯುವರ್ಸ್ ಒಬೀಡಿಯಂಟ್ ಫಾದರ್,
ಭೀಮಶ್ಯಾ

ತಾ.ಕ.: ಅಪೀಲು ಬೇಡವೆಂದು ಬಾಬುಲಾಲ ಕಳಿಸಿದ ಕಾಗದಕ್ಕೆ ಸಹಿ ಹಾಕಬೇಡ. ಶುಕ್ರವಾರದೊಳಗೆ ಅಪೀಲು ಹಾಕಲೇಬೇಕು. ಶಂಕ್ರೆಪ್ಪನ ವಿಡಿಯೋ ಮಾಡಿಸಿದ್ದೇನೆ, ಅಪೀಲು ಹಾಕುವ ಅಲ್ಲಿಯ ವಕೀಲರಿಗೆ ಕೊಡು. ತಾನು ಸುಳ್ಳು ಹೇಳಿದ್ದು, ನೀನು ರಾತ್ರಿಯೆಲ್ಲ ದುಡಿದದ್ದು, ಎಲ್ಲ ಒಪ್ಪಿಕೊಂಡಿದ್ದಾನೆ. ಕೊನೆಗೆ ಮಾತ್ರ, ನಾನು ಕೈಸನ್ನೆ ಮಾಡಿದರೂ ಕೇಳದೆ, "ನೀವು ಆಫೀಸರ್ ಇದ್ರ ಪರ್ಮಿಟ್ ಕೊಡ್ರಿ. ವರನ ಕಡಿಯವರ ಇದ್ರ, ಹುಡುಗಿ ಬಂಗಾರದಂಥಾಕಿ, ಬಿಡಬ್ಯಾಡ್ರಿ" ಎಂದುಬಿಟ್ಟಿದ್ದಾನೆ. ಅದನ್ನು ಕತ್ತರಿಸಬೇಡ. ಕತ್ತರಿಸಿದ್ದು ಕಂಡರೆ ಅವರಿಗೆ ಸಂಶಯ ಬರುತ್ತದೆ.