ತಡೆಹಿಡಿದ ಅಂಕಗಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಚುಕ್ಕಿಗೆ,

ನೀನು, ಅಪ್ಪ ಇಬ್ಬರೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಕಳಿಸಿದ ಸಂದೇಶಗಳಿಗೆ ಉತ್ತರ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಇಂಥ ಕಡೆ ಕ್ಷಮೆ ಕೇಳುವುದು ವಾಡಿಕೆ, ಕೇಳಿದ್ದೇನೆ ಎಂದುಕೋ. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟಿತ್ತು. ಫೋನಿನಲ್ಲಿ ಮಾತಾಡಿದರೆ ಕೂಗಾಡುತ್ತೇನೆ, ಕೂಗಾಡಿದರೆ ಅಳು ಬರುತ್ತದೆ, ಅತ್ತರೆ ನೀನು ಸಮಾಧಾನ ಮಾಡುತ್ತೀಯ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಅದಕ್ಕೇ ಕಾಗದ. ಇಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ಸುದ್ದಿ. ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಸಂಜೆ ತರಗತಿಗಳು, ಕೆಲಸ ಬಿಡಬೇಕಿಲ್ಲ. ಪತ್ರ ಕೈಗೆ ಬಂದಾಗ ನಿನ್ನ ಭಾವ ಕುಣಿದಾಡಿದರು. ನನಗೆ ಮಾತ್ರ ಸಂತೋಷವಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದೂ ಮಧ್ಯೆ ಬರುತ್ತದೆ, ಓದಿಕೋ. ಸಿಟ್ಟು ಬಂದವರಿಗೆ ಮೊದಲಿನಿಂದ ಹೇಳದೆ ತೃಪ್ತಿಯಿಲ್ಲ.

ನಮ್ಮ ಔಷಧಿ ಗೋದಾಮಿನ ದೊಡ್ಡ ಮ್ಯಾನೇಜರ್ ಕುರ್ಚಿ ಹೋದ ವರ್ಷ ಖಾಲಿಯಾಯಿತಲ್ಲ, ಆಗ ನಮ್ಮ ಸಾಹೇಬರು ಕರೆದು ಹೇಳಿದ್ದು: "ಕೆಲಸ ನಿಮಗೆ ಗೊತ್ತಮ್ಮ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೇಲಿನೋರು ಡಿಗ್ರಿ ಕೇಳ್ತಾರೆ. ಓದ್ತೀನಿ ಅಂತ ಸೇರ್ಕೊಳ್ಳಿ, ಕುರ್ಚಿ ಬೇರೆಯೋರಿಗೆ ಹೋಗದ ಹಾಗೆ ನೋಡ್ಕೋತೀನಿ." ಸೇರಬೇಕಾದರೆ ಪ್ರವೇಶ ಪರೀಕ್ಷೆ. ಪರೀಕ್ಷೆಯಲ್ಲಿ ಅರ್ಧ ಭಾಷೆ, ಅರ್ಧ ಗಣಿತ. ಭಾಷೆಯಲ್ಲಿ ಒಳ್ಳೆಯ ಅಂಕವೇ ಬಂತು. ಗಣಿತದಲ್ಲಿ, ಬರೆದ ನೂರು ಜನರಲ್ಲಿ ಎಂಬತ್ತು ಜನ ನನಗಿಂತ ಮುಂದಿದ್ದರು.

ಅಂದು ಅಪ್ಪನಿಗೆ ಫೋನ್ ಮಾಡಿದೆ. "ನಾನು ಆಗ್ಲೇ ಹೇಳಿದ್ನಲ್ಲ" ಅಂದರು. ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ, ಚುಕ್ಕಿ. ತಮ್ಮ ಲೆಕ್ಕ ತಾಳೆಯಾಯಿತಲ್ಲ ಎಂಬ ನೆಮ್ಮದಿಯಿತ್ತು.

ಊರಿನ ಅರ್ಧ ಮಕ್ಕಳಿಗೆ ಅಪ್ಪ ಗಣಿತ ಕಲಿಸಿದ್ದಾರೆ. ಕೋಳಿಮೊಟ್ಟೆಯಷ್ಟು ದೊಡ್ಡ ಸೊನ್ನೆ ಸುತ್ತುತ್ತಾರೆಂದು ಸೊನ್ನೆ ಮೇಷ್ಟ್ರು ಎಂಬ ಹೆಸರು ಬಿದ್ದರೂ, ಬೇರೆ ಮಕ್ಕಳಿಗೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹೇಳಿಕೊಡುವ ತಾಳ್ಮೆ ಅವರಿಗಿತ್ತು. ಮನೆಗೆ ಮಾರಿ, ಪರರಿಗೆ ಉಪಕಾರಿ. ನನ್ನ ಬೆನ್ನ ಹಿಂದೆ ನಿಂತು "ಹೂಂ?" ಅನ್ನುತ್ತಿದ್ದರು. ಅಷ್ಟೇ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆ ಒಂದು "ಹೂಂ?" ಕೇಳಿದರೆ ಸರಿಯಾಗಿ ಬರೆದದ್ದನ್ನೂ ಅಳಿಸಿಬಿಡುತ್ತಿದ್ದೆ. ಆಮೇಲೆ ಅಮ್ಮನಿಗೆ ಹೇಳುವರು, ನನಗೆ ಕೇಳುವ ಹಾಗೆ: "ಇವಳ ತಲೇಲಿ ಲೆಕ್ಕಕ್ಕೆ ಜಾಗ ಇಲ್ಲ. ಚಿಕ್ಕೋಳು ಪರವಾಗಿಲ್ಲ." ಮನೆಯಲ್ಲಿ ಲೆಕ್ಕದ ತಲೆ ನಿನಗೆ ಬಂತು, ನನಗೆ ಬಂದದ್ದು ಕಬ್ಬಿಣದ ಕಡಲೆ. ಇದನ್ನು ನಾನು ಸೂರ್ಯ ಮೂಡುವ ದಿಕ್ಕಿನ ಹಾಗೆ ನಂಬಿಕೊಂಡೇ ಬೆಳೆದೆ.

ಎರಡನೇ ಸಲ ಬರೆಯಲು ಟ್ಯೂಷನ್ ಮೇಡಂ ಹತ್ತಿರ ಹೋದೆ. ಟೈರ್ ಅಂಗಡಿಯ ಮೇಲಿನ ಕೋಣೆ, ಕಿಟಕಿ ತೆಗೆದರೆ ರಬ್ಬರಿನ ವಾಸನೆ. ಪಕ್ಕದಲ್ಲಿ ಕೂತ ಹುಡುಗಿಯರೆಲ್ಲ ನನ್ನನ್ನು "ಆಂಟಿ, ಸ್ವಲ್ಪ ಸರೀತೀರಾ" ಎನ್ನುವವರು. ಮೇಡಂ ನನ್ನ ಕೈಗೊಂದು ಲೆಕ್ಕ ಕೊಟ್ಟರು. ಎರಡು ವ್ಯಾನ್ ಆರು ಗಂಟೆಯಲ್ಲಿ ಮುಗಿಸುವ ಕೆಲಸವನ್ನು ಅಂಥವೇ ಮೂರು ವ್ಯಾನ್ ಎಷ್ಟು ಹೊತ್ತಿನಲ್ಲಿ ಮುಗಿಸುತ್ತವೆ? ನಾಲ್ಕು ಎಂದು ಬರೆದೆ. ಅವರು ಏನೂ ಹೇಳದೆ ನೋಡುತ್ತ ನಿಂತರು. ನಾಲ್ಕನ್ನು ಅಳಿಸಿ ಒಂಬತ್ತು ಮಾಡಿದೆ.

"ಯಾಕ್ರೀ ಅಳಿಸಿದ್ರಿ?" ಅಂದರು.

"ತಪ್ಪಿರಬೇಕು ಅನಿಸ್ತು."

"ವ್ಯಾನ್ ಜಾಸ್ತಿ ಆದ್ರೆ ಹೊತ್ತೂ ಜಾಸ್ತಿ ಆಗುತ್ತಾ? ಗೋದಾಮಲ್ಲಿ ದಿನಾ ಬೆಳಿಗ್ಗೆ ನಿಂತ್ಕೊಂಡು ಇದನ್ನೇ ಅಲ್ವಾ ಮಾಡೋದು ನೀವು? ನಿಮಗೆ ಲೆಕ್ಕ ಬರಲ್ಲ ಅಂತ ಯಾರು ಹೇಳಿದ್ದು?"

"ನಮ್ಮಪ್ಪ. ಅವ್ರು ಲೆಕ್ಕದ ಮೇಷ್ಟ್ರು."

"ಹಾಗಾದ್ರೆ ಅವ್ರಿಗೆ ಪಾಠ ಮಾಡೋಕೆ ಬರಲ್ಲ ಅನ್ನಿ."

ಅಂದು ನಾನು ಏನು ಮಾಡಿದೆ ಗೊತ್ತೇ? ಅಪ್ಪನ ಪರವಾಗಿ ಜಗಳವಾಡಿ ಎದ್ದು ಬಂದೆ. ಅವರ ಶಿಷ್ಯರು ಯಾರ‍್ಯಾರು ಏನೇನಾಗಿದ್ದಾರೆ ಎಂದೆಲ್ಲ ಹೇಳಿ ಬಂದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮರುವಾರ ಮತ್ತೆ ಹೋದೆ. ಮೇಡಂ ನನ್ನ ಪೆನ್ಸಿಲ್, ರಬ್ಬರ್ ಎರಡನ್ನೂ ತೆಗೆದಿಟ್ಟು ಪೆನ್ನು ಕೊಟ್ಟರು. ತಪ್ಪಾದ ಪ್ರತಿ ಲೆಕ್ಕಕ್ಕೂ ಕಾರಣವನ್ನು ಬಾಯಿಬಿಟ್ಟು ಹೇಳಬೇಕು: ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಹೆದರಿದೆನೋ. ನಾಲಿಗೆಗೆ ಮೂರನೇ ಕಾರಣವೇ ಅಂಟಿಕೊಂಡಿತು. ಕಷ್ಟದ ಲೆಕ್ಕ ಬಂದರೆ ಅದರ ಮುಂದೆಯೇ ಕೂತುಬಿಡುವ ಚಾಳಿ ಬೇರೆ. "ಬಸ್ಸು ತಪ್ಪಿತು ಅಂತ ಸ್ಟಾಪಲ್ಲೇ ಮನೆ ಕಟ್ಕೊಂಡು ಕೂರ್ತೀರಾ? ಮುಂದಿನ ಬಸ್ಸು ಹತ್ರೀ" ಎಂದು ಮೇಜು ಕುಟ್ಟುತ್ತಿದ್ದರು. ಮನೆಯಲ್ಲೂ ಅದೇ ಪಾಠ. ನಿನ್ನ ಭಾವ ಅನ್ನಕ್ಕೆ ನೀರು ಎಷ್ಟು ಎಂದು ಕೇಳಿದರೆ "ಅನುಪಾತದಲ್ಲಿ ಹೇಳ್ಲಾ?" ಎನ್ನುವ ಮಟ್ಟಕ್ಕೆ ಬಂದಿದ್ದೆ. ಇನ್ನು ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ನೀನು ತಾರಸಿಗೆ ಹೋಗಿ ಫೋನಿನಲ್ಲಿ ಲೆಕ್ಕ ಹೇಳುತ್ತಿದ್ದೆ, ನಾನು ಉತ್ತರ ಹೇಳುತ್ತಿದ್ದೆ. "ಅಕ್ಕಾ, ಈಗ ನೀನು ನನಗಿಂತ ಬೇಗ ಮಾಡ್ತೀಯ ಕಣೇ" ಎಂದು ನೀನು ಅಂದ ದಿನ ಒಬ್ಬಳೇ ನಕ್ಕೊಂಡು ಓಡಾಡಿದೆ.

ಎರಡನೇ ಸಲ ಬರೆದೆ. ಈ ಸಲ ನೂರರಲ್ಲಿ ಹತ್ತು ಜನ ಮಾತ್ರ ನನಗಿಂತ ಮುಂದಿದ್ದರು. ಪರದೆಯ ಮೇಲೆ ಅಂಕ ನೋಡಿ, ಬೇರೆ ಯಾರದೋ ಇರಬೇಕೆಂದು ಹೆಸರನ್ನು ಮತ್ತೆ ಓದಿದೆ.

ಕೆಲವೇ ದಿನಗಳಲ್ಲಿ ಪರೀಕ್ಷಾ ಮಂಡಳಿಯಿಂದ ಪತ್ರ ಬಂತು. ಗಣಿತದ ಅಂಕ ಅಸಹಜವಾಗಿ ಏರಿದೆ, ಪರಿಶೀಲನೆ ಮುಗಿಯುವವರೆಗೆ ಫಲಿತಾಂಶ ತಡೆಹಿಡಿಯಲಾಗಿದೆ, ನಿಮ್ಮ ಓದಿನ ಬಗ್ಗೆ ತಿಳಿದ ಇಬ್ಬರ ಹೆಸರು ಕೊಡಿ. ಕಷ್ಟಪಟ್ಟು ಮೇಲೆ ಬಂದರೆ ಅದು ಅಸಹಜವಂತೆ. ಮೇಡಂ ಹೆಸರು ಕೊಟ್ಟೆ. ಇನ್ನೊಂದು, ಅಪ್ಪನದು. ನಿನ್ನ ಭಾವ ಬೇಡ ಅಂದರು. ನಾನೇ ಹಟ ಹಿಡಿದೆ. ಯಾರೋ ಅಧಿಕಾರಿ ಫೋನ್ ಮಾಡಿ "ನಿಮ್ಮ ಮಗಳು ಗಣಿತದಲ್ಲಿ ಇಷ್ಟು ತೆಗೆದಿದ್ದಾರೆ" ಎಂದು ಹೇಳಲಿ, ಅಪ್ಪ ಅದನ್ನು ಹೊರಗಿನವರ ಬಾಯಿಂದ ಕೇಳಲಿ ಎಂಬ ಆಸೆ. ಇಷ್ಟು ವಯಸ್ಸಾಗಿ ಎಂಥ ಆಸೆ ನೋಡು.

ವಿಚಾರಣೆಗೆ ಕರೆದರು. ಗಾಜಿನ ಗೋಡೆಯ ಸಣ್ಣ ಕೋಣೆ, ಹೊರಗೆ ಓಡಾಡುವವರಿಗೆಲ್ಲ ಒಳಗೆ ಕೂತ ಕಳ್ಳಿ ಕಾಣಬೇಕು. ನೆಗಡಿ ಹಿಡಿದ ಒಬ್ಬ ಅಧಿಕಾರಿಣಿ ಮೂಗು ಒರೆಸಿಕೊಳ್ಳುತ್ತ, "ನಿಮ್ಮ ವಿರುದ್ಧ ಏನಿದೆ ಅಂತ ಕೇಳೋ ಹಕ್ಕು ನಿಮಗಿದೆ" ಎಂದು ಹೇಳಿ ಫೋನ್ ಸಂಭಾಷಣೆಯ ಧ್ವನಿಮುದ್ರಣ ಹಾಕಿದರು. ಮೇಡಂ ನನ್ನ ಪರವಾಗಿ ಗುಡುಗಿದ್ದರು. ಆಮೇಲೆ ಅಪ್ಪನ ದನಿ. ಪಾಠ ಮಾಡುವಾಗಿನದೇ ದನಿ, ಏರಿಲ್ಲ, ಇಳಿದಿಲ್ಲ.

"ನನ್ನ ಮಗಳೇ, ಸರಿ. ಆದ್ರೆ ಮಗಳು ಅಂತ ನಾನು ಸುಳ್ಳು ಹೇಳೋನಲ್ಲ. ಇಷ್ಟು ಅಂಕ ಅವಳ ಕೈಲಿ ಆಗೋದಲ್ಲ. ಯಾರೋ ಬರೆದುಕೊಟ್ಟಿರಬೇಕು."

ಅಧಿಕಾರಿಣಿ ನೀರಿನ ಲೋಟ ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ. ಎರಡು ದಾರಿ ಇದೆ ಎಂದರು: ಅಂಕ ಬಿಟ್ಟುಕೊಡುವುದು, ಇಲ್ಲವೇ ಅವರ ಕಣ್ಣೆದುರೇ ಹೊಸ ಪ್ರಶ್ನೆಪತ್ರಿಕೆ ಬರೆಯುವುದು. "ಇವತ್ತೇ ಬರೀತೀನಿ" ಅಂದೆ. ನಾಳೆ ಬನ್ನಿ ಅಂದರು.

ಮರುದಿನ ಅದೇ ಗಾಜಿನ ಕೋಣೆ. ಎದುರಿಗೆ ಕುರ್ಚಿ ಹಾಕಿಕೊಂಡು ಒಬ್ಬ ಮನುಷ್ಯ ಕೂತ. ಅವನ ಕೆಲಸ ನನ್ನ ಕೈ ನೋಡುವುದು. ಕೂದಲು ಸರಿಮಾಡಿಕೊಂಡರೆ ಕಿವಿ ನೋಡುವನು, ಮಂಡಿ ತುರಿಸಿದರೆ ಬಗ್ಗಿ ನೋಡುವನು. ಬೇರೆ ಸಮಯವಾಗಿದ್ದರೆ ನನ್ನ ಹೆಸರೂ ಮರೆತುಹೋಗುತ್ತಿತ್ತು. ಅಂದು ಹೆದರಿಕೆ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಸಿಟ್ಟಿತ್ತು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಲೆಕ್ಕ ಓದಿದೆ, ಬಿಡಿಸಿದೆ, ಉತ್ತರ ಗುರುತು ಮಾಡಿದೆ, ಮುಂದೆ ಹೋದೆ. ಹಿಡಿತಕ್ಕೆ ಸಿಗದ್ದನ್ನು ಬಿಟ್ಟೆ. ಒಂದು ಉತ್ತರವನ್ನೂ ಬದಲಿಸಲಿಲ್ಲ.

ಮೊದಲಿಗಿಂತ ತುಸು ಹೆಚ್ಚೇ ಬಂತು. ಅಧಿಕಾರಿಣಿ ಎದ್ದು ನಿಂತು ಕೈಕುಲುಕಿ, "ನಿಮಗೆ ಆದ ತೊಂದರೆಗೆ ವಿಷಾದವಿದೆ" ಅಂದರು. ಕನಿಷ್ಠ ಅವರಾದರೂ ಅಂದರು.

ಅಲ್ಲಿಂದ ಹೊರಗೆ ಬಂದವಳೇ ಬೀದಿಯಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಅವರೆದುರಿಗೇ ಬರೆದೆ. ಇನ್ನೂ ಜಾಸ್ತಿ ಬಂದಿದೆ." "ಹಾಗಾದ್ರೆ ಈಗಿನ ಪರೀಕ್ಷೆ ಸುಲಭ ಮಾಡಿರಬೇಕು" ಅಂದರು. ನಾನು ಫೋನ್ ಇಟ್ಟೆ. ಅಂದಿನಿಂದ ಅವರೊಂದಿಗೆ ಮಾತಿಲ್ಲ.

ಅಪ್ಪ ಸತ್ಯವಂತರು, ಕರುಳಿಗೂ ಸೋಲದವರು ಎಂದು ಊರೆಲ್ಲ ಹೊಗಳುತ್ತದೆ. ಚಿಕ್ಕಪ್ಪ ಆಗಲೇ ಫೋನ್ ಮಾಡಿ, "ಅವ್ರು ಮುಂಚಿಂದ್ಲೂ ಹಾಗೇ ಅಲ್ವೇನಮ್ಮ, ಮನಸ್ಸಿಗೆ ಹಚ್ಕೋಬೇಡ" ಅಂದರು. ಮನಸ್ಸಿಗೆ ಹಚ್ಚಿಕೊಳ್ಳದೆ ಗೋಡೆಗೆ ಹಚ್ಚಲೇ? ಸತ್ಯ ಹೇಳುವವರು ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನಬೇಕು. ನಾನು ಬೆಳಿಗ್ಗೆ ಎದ್ದು ಓದಿದ್ದು ಅವರಿಗೆ ಗೊತ್ತಿಲ್ಲ, ಟೈರ್ ಅಂಗಡಿಯ ಮೆಟ್ಟಿಲು ಹತ್ತಿದ್ದು ಗೊತ್ತಿಲ್ಲ. ಕೇಳಲೂ ಇಲ್ಲ. ಅವರಿಗೆ ಗೊತ್ತಿದ್ದದ್ದು ಬೆನ್ನು ಬಗ್ಗಿಸಿ ಕೂತ ಒಬ್ಬ ಚಿಕ್ಕ ಹುಡುಗಿ ಮಾತ್ರ. ಅವಳ ಮೇಲೆ ಸಾಕ್ಷಿ ಹೇಳಿ ನನ್ನನ್ನು ಕಳ್ಳಿ ಮಾಡಿದರು. ನನ್ನ ಸಿಟ್ಟು ಇಳಿಯುತ್ತದೆಂದು ಯಾರೂ ಕಾಯುವುದು ಬೇಡ. ಇಳಿಸುವ ಮನಸ್ಸು ನನಗೇ ಇಲ್ಲ.

ಅಪ್ಪನ ರಕ್ತದೊತ್ತಡದ ಮಾತ್ರೆಗಳನ್ನು ಇದರ ಜೊತೆ ಕಳಿಸಿದ್ದೇನೆ. ಬೆಳಗಿನದು ಬಿಳಿ, ಸಂಜೆಯದು ಹಳದಿ. ಸಿಟ್ಟಿನ ಪಾಡಿಗೆ ಸಿಟ್ಟು, ಮಾತ್ರೆಯ ಪಾಡಿಗೆ ಮಾತ್ರೆ. ನಾನು ಕಳಿಸಿದ್ದೆಂದು ಹೇಳಬೇಡ, ಕೇಳಿದರೆ ಅಂಗಡಿಯಿಂದ ತಂದೆ ಅನ್ನು.

ವಿಮಾ ಕಚೇರಿಯಲ್ಲಿ ನಿನ್ನ ಕೆಲಸ ಖಾಯಂ ಆಯಿತೆಂದು ಚಿಕ್ಕಪ್ಪನಿಂದ ತಿಳಿಯಿತು. ಒಳ್ಳೆಯದಾಗಲಿ. ನಿನ್ನ ಕಾಲ ಮೇಲೆ ನೀನು ಗಟ್ಟಿಯಾಗಿ ನಿಲ್ಲು. ಹಿಡಿದ ಕೆಲಸ ಕೈಗೂಡಲಿ, ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ ಇರಲಿ. ಹಿರಿಯಳಾಗಿ ನಾನು ಮನಸಾರೆ ಹರಸುವುದು ಇಷ್ಟನ್ನೇ.

ನಿನ್ನ
ಅಕ್ಕ

ಮರೆತ ಮಾತು: ನಿಜವಾಗಿ ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿದೆ. ಆ ಧ್ವನಿಮುದ್ರಣ ಅಪ್ಪನ ಮಾತಿಗೆ ಮುಗಿಯಲಿಲ್ಲ. "ಬೇಕಾದ್ರೆ ನನ್ನ ಚಿಕ್ಕ ಮಗಳನ್ನ ಕೇಳಿ, ಅವಳಿಗೆ ಲೆಕ್ಕ ಬರುತ್ತೆ" ಎಂದು ಅಪ್ಪ ಫೋನನ್ನು ನಿನ್ನ ಕೈಗೆ ಕೊಟ್ಟರು. "ನಿಮ್ಮ ಅಕ್ಕ ಗಣಿತಕ್ಕೆ ತಯಾರಿ ಮಾಡ್ತಿದ್ದದ್ದು ನಿಮಗೆ ಗೊತ್ತಾ?" ಎಂದು ಅಧಿಕಾರಿಣಿ ಕೇಳಿದರು. ನೀನು, "ಇಲ್ಲ ಮೇಡಂ, ನನಗೇನೂ ಗೊತ್ತಿಲ್ಲ" ಅಂದೆ.

ಅದನ್ನು ಅವರು ಎರಡನೇ ಸಲ ಹಾಕಿದರು, ನಾನೇ ಕೇಳಿಕೊಂಡೆ. ನೀನಲ್ಲ, ಬೇರೆ ಯಾರೋ ಇರಬೇಕು ಎಂದು.

ಅಪ್ಪನಿಗೆ ಗೊತ್ತಿರಲಿಲ್ಲ, ಚುಕ್ಕಿ. ನಿನಗೆ ಗೊತ್ತಿತ್ತು. ಅವರು ಪಕ್ಕದಲ್ಲಿದ್ದರು, ಹೆದರಿದೆ ಅನ್ನುವುದಾದರೆ ಆ ಹೆದರಿಕೆ ಎಂಥದೆಂದು ನನಗೆ ಗೊತ್ತು, ನನಗೆ ಯಾರೂ ವಿವರಿಸಬೇಕಿಲ್ಲ. ಅದಲ್ಲದೆ ಬೇರೆ ಏನಾದರೂ ಇದ್ದರೆ ಅದನ್ನೂ ಹೇಳು. ಫೋನಿನಲ್ಲಿ ಬೇಡ, ಬರೆಯುವುದೂ ಬೇಡ. ಇಲ್ಲಿಗೆ ಬಂದು ಎದುರಿಗೆ ಕೂತು ಹೇಳು. ಅಪ್ಪನ ಮೇಲಿನ ಸಿಟ್ಟನ್ನು ಇಷ್ಟು ಪುಟ ಬರೆದೆ, ಕೈ ನೋಯಲಿಲ್ಲ. ನಿನಗೆ ಈ ನಾಲ್ಕು ಸಾಲು ಬರೆಯುವುದು ಆಗುತ್ತಿಲ್ಲ. ನೀನು ಬಂದರೆ ಬಾಗಿಲು ತೆಗೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮಾತನ್ನು ಈಗ ಕೊಡಲಾರೆ.