ಕೈಲಾಸದಿಂದ ಶುರುವಾದ ಯುದ್ಧ

ಡಿಸೆಂಬರ್ 11, ಗುರುವಾರ

ವಾರದಿಂದ ನಿದ್ದೆಗೆಡಿಸಿದ್ದ ಡೆಮೊ ಪಾಠ ಇವತ್ತು ಮುಗಿಯಿತು. ತುಮಕೂರಿನ ತರಬೇತಿಯಲ್ಲಿ ಕೂತವರೆಲ್ಲ ಹೈಸ್ಕೂಲಿನ ಇತಿಹಾಸ ಮೇಷ್ಟರುಗಳೇ. ಗುಬ್ಬಿಯ ವಿಜಯೀಂದ್ರ ಸರ್ ಅಂತೂ ತಪ್ಪು ಹುಡುಕಲೆಂದೇ ಮುಂದಿನ ಬೆಂಚು ಹಿಡಿದಿದ್ದರು.

ನಮ್ಮ ಶಾಲೆಯ ಪಕ್ಕದ ವೀರಗಲ್ಲಿನ ಫೋಟೋ ಹಂಚಿ, "ಇದರ ಕಥೆ ಹೇಳಿ" ಎಂದೆ. ಸರ್ ಕಪ್ಪುಹಲಗೆ ಓದುವಂತೆ ಮೇಲಿನ ಕೆತ್ತನೆಯಿಂದ ಶುರುಮಾಡಿದರು: ವೀರ ಕೈಲಾಸದಲ್ಲಿದ್ದ, ಆಮೇಲೆ ಯುದ್ಧಕ್ಕೆ ಹೋದ!

"ಸರ್, ವೀರಗಲ್ಲು ಕೆಳಗಿಂದ ಓದ್ಬೇಕು," ಎಂದೆ, ಹೆದರಿಕೊಂಡೇ.

"ಅಯ್ಯೋ, ಸಾಯೋಕ್ ಮುಂಚೇನೇ ಕೈಲಾಸಕ್ಕೆ ಕಳಿಸ್ಬಿಟ್ನಲ್ಲಮ್ಮ!" ಎಂದು ಅವರೇ ಮೊದಲು ನಕ್ಕರು.

ಎದೆ ಎಷ್ಟು ಹಗುರಾಯಿತೆಂದರೆ, ಅವರು ಕೇಳಿದ್ದಕ್ಕೆ ಫೋಟೋಗಳನ್ನೆಲ್ಲ ಕೊಟ್ಟುಬಿಟ್ಟೆ. ನಾಳೆ ನನ್ನ ಕ್ಲಾಸಿಗೆ ಒಂದೂ ಉಳಿದಿಲ್ಲ. ಇರಲಿ, ಮಕ್ಕಳನ್ನು ಆ ಕಲ್ಲಿನ ಹತ್ತಿರಕ್ಕೇ ಕರೆದುಕೊಂಡು ಹೋದರಾಯಿತು.