ಮೂರನೇ ಹಗ್ಗದ ಮಣೆ

ಯಾರ್ಕ್,
ಶನಿವಾರ, ಜೂನ್ 14, 1986

ವಿನಿ ಅಕ್ಕಾ,

ನೀನು ಹತ್ತಿ ನಿಲ್ತಿದ್ದ ಅದೇ ಮಣೆ ವಿಷ್ಯಾನೇ ಬರೀತಿರೋದು. ಹರೀಬೇಡ, ಓದು.

ನಮ್ಮ ಚರ್ಚಿನ ಗಂಟೆ ಬಾರಿಸೋರ ಪ್ರವಾಸ ಈ ವರ್ಷ ಇಲ್ಲಿಗೆ. ಬೆಳಿಗ್ಗೆ ಕೋಟೆ ಗೋಡೆ ಮೇಲೆ ನಡೆದ್ವಿ. ನಮ್ಮ ಗಂಟೆ ಮೇಸ್ತ್ರಿ ಗಾಡ್‌ಫ್ರಿ ಕಲ್ಲುಕಲ್ಲಿಗೂ ನಿಂತು ಪಾಠ ಹೇಳ್ದ. ಈ ಗೋಡೆ ಯಾಕೆ ಕಟ್ಟಿದ್ರು ಗೊತ್ತಾ ಅಂದ. ನಿನ್ನಂಥೋರು ಒಳಗೆ ಬರಬಾರ್ದು ಅಂತ, ಅಂದೆ. ಅವನೊಬ್ಬನ್ನ ಬಿಟ್ಟು ಎಲ್ರೂ ನಕ್ರು.

ಮಧ್ಯಾಹ್ನ ನದಿ ಹತ್ರದ ಸಣ್ಣ ಚರ್ಚಿನ ಗೋಪುರದಲ್ಲಿರೋ ಆರೂ ಗಂಟೆಗಳನ್ನ ಬಾರಿಸೋಕೆ ನಿಂತ್ವಿ, ಒಬ್ಬೊಬ್ರಿಗೆ ಒಂದೊಂದು ಹಗ್ಗ. ನೀನು ಬಿಟ್ಮೇಲೆ ನಾವು ಐದೇ ಜನ ಅಲ್ವಾ, ಮೂರನೇ ಹಗ್ಗಕ್ಕೆ ಈ ಊರೋಳೇ ಒಬ್ಳು ಬಂದ್ಲು. ನಿನ್ನಷ್ಟೇ ಗಿಡ್ಡ, ನಿನ್ನ ಹಾಗೇ ಮಣೆ ಹತ್ತಿ ನಿಂತ್ಲು. ನಾನು ನಾಲ್ಕನೇದು, ಅವಳಾದ್ಮೇಲೆ ನನ್ನ ಸರದಿ. ಅವಳ ಕೈ ನೋಡ್ಕೊಂಡು ಎಳೀತಿದ್ದೆ, ಚೆನ್ನಾಗೇ ಹೋಗ್ತಿತ್ತು. ಅಷ್ಟ್ರಲ್ಲಿ ಅವಳ ಮಣೆ ಕಿರ್ ಅಂತು. ನನ್ನ ಕಣ್ಣು ಅವಳ ಕೈ ಬಿಟ್ಟು ಕಾಲಿಗೆ ಹೋಯ್ತು. ನನ್ನ ಗಂಟೆ ಸರದಿ ತಪ್ಪಿ, ಎಲ್ರ ಸದ್ದೂ ಒಂದರ ಮೇಲೊಂದು ಬಿದ್ದು ಸಂತೆ ಆಗೋಯ್ತು.

ಗಾಡ್‌ಫ್ರಿ ನಿಲ್ಲಿಸ್ದ. ಏನಪ್ಪಾ ಸ್ಟ್ಯಾನ್, ಮಂಡಿ ಸೋತ್ವಾ ಅಂದ.

ಮೂರು ವರ್ಷದ ಹಿಂದೆ ನಮ್ಮ ಗೋಪುರದಲ್ಲಿ ನೀನು ಮಣೆ ಮೇಲೆ ಓಲಾಡಿ ಸರದಿ ತಪ್ಪಿದಾಗ, ಹೊರಗಿನೋರ ಮುಂದೆ ನಿನಗೂ ಅದೇ ಮಾತು ಅಂದಿದ್ದ. ಅವತ್ತು ಮೆಟ್ಟಿಲಿಳಿದೋಳು ಮತ್ತೆ ಹತ್ತಲಿಲ್ಲ ನೀನು.

ನಿನ್ನ ಮಂಡಿ ಸರಿಯಾಗೇ ಇತ್ತು ಅಕ್ಕ. ಮಣೆಯ ಒಂದು ಕಾಲನ್ನ ಬೆರಳಗಲ ಕುಯ್ದೋನು ನಾನು. ಸ್ವಲ್ಪ ಅಲ್ಲಾಡ್ತೀಯ, ನಗೋಣ ಅಂತ. ಆಮೇಲೆ ಹುಳ ತಿಂದಿದೆ ಅಂತ ಹೇಳಿ ಮಣೇನ ಒಲೆಗೆ ಹಾಕ್ದೆ.

ಇವತ್ತು ಆ ಗೋಪುರದಲ್ಲೇ ಎಲ್ರಿಗೂ ಹೇಳ್ಬಿಟ್ಟೆ. ಯಾರೂ ನಗಲಿಲ್ಲ. ನಾನು ಬಾಯಿ ಬಿಟ್ಟಾಗ ಯಾರೂ ನಗದೆ ಇದ್ದಿದ್ದು ಇದೇ ಮೊದಲು. ಗಾಡ್‌ಫ್ರಿ ಟೋಪಿ ತೆಗೆದು, ನಾನೂ ವಿನಿಗೆ ಒಂದು ಮಾತು ಹೇಳ್ಬೇಕು ಕಣೋ ಅಂದ.

ಮುಂದಿನ ಭಾನುವಾರ ಬೆಳಿಗ್ಗೆ ಹೊಸ ಮಣೆ ಹೊತ್ಕೊಂಡು ನಿನ್ನ ಬಾಗಿಲಿಗೆ ಬರ್ತೀನಿ. ಹೊರಡೋಕೆ ಮುಂಚೇನೇ ಮಾಡಿಟ್ಟಿದ್ದೆ, ಅದರ ನಾಲ್ಕೂ ಕಾಲುಗಳನ್ನ ಮೂರು ಸಲ ಅಳೆದಿದೀನಿ. ನೀನು ಬಾಗಿಲು ತೆಗೀದಿದ್ರೆ ಅದರ ಮೇಲೇ ಕೂತಿರ್ತೀನಿ. ಅದರ ಮುಂದಿನ ಭಾನುವಾರಾನೂ ಬರ್ತೀನಿ. ನನ್ನ ಭಾರ ತಡೆಯೋ ಮಣೆ ನಿನ್ನನ್ನ—

ಮೀನು ಆರೋಗ್ತಿದೆ ಬಾರೋ ಅಂತ ಕೂಗ್ತಿದಾರೆ. ಹೊರಟೆ.

ನಿನ್ನ ತಲೆಹರಟೆ ತಮ್ಮ,
ಸ್ಟ್ಯಾನ್

ಇನ್ನೊಂದು: ನಮ್ಮ ಗೋಪುರದಲ್ಲಿ ಮೂರನೇ ಹಗ್ಗ ಸವೆದಿದೆ, ಮುಟ್ಬೇಡಿ ಅಂತ ಮೂರು ವರ್ಷದಿಂದ ಎಲ್ರಿಗೂ ಹೇಳ್ತಿದೀನಿ. ಸವೆದಿಲ್ಲ. ಬೇರೆಯೋರು ಹಿಡೀಬಾರ್ದು ಅಂತ ನಾನೇ ಮೇಲಕ್ಕೆ ಕಟ್ಟಿಟ್ಟಿದೀನಿ.